ಕೆಂಪು ಸೀರೆ, ಕೆಂಪು ನಿಲುವಂಗಿ

ಓದಿದ ಕಾದಂಬರಿ ಸಿನಿಮಾ ಆಗುತ್ತದಂತೆ ಎಂಬ ಸುದ್ದಿ ಬಂದರೆ ನಮ್ಮ ಕಾಲದ ಹೆಂಗಸರಿಗೆ ತವರಿನಿಂದ ಕಾಗದ ಬಂದಷ್ಟು ಸಂಭ್ರಮ. ನೋಡಿ ಬಂದ ರಾತ್ರಿ ಮಾತ್ರ ಮನಸ್ಸಿನಲ್ಲಿ ಏನೋ ಕಸಿವಿಸಿ. ತ್ರಿವೇಣಿಯವರ ‘ಬೆಳ್ಳಿಮೋಡ’ 1967ರಲ್ಲಿ, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ 1969ರಲ್ಲಿ ತೆರೆಗೆ ಬಂದವು. ಎರಡನ್ನೂ ತಂದವರು ಪುಟ್ಟಣ್ಣ ಕಣಗಾಲ್. ಕೈಯಿಂದ ಕೈಗೆ ದಾಟಿ ಅಂಚು ಸವೆದ ಪುಸ್ತಕವನ್ನು ಓದಿದ್ದವರು ಸಿನಿಮಾ ನೋಡಿ ಕಣ್ಣೊರೆಸಿಕೊಂಡು ಬಂದ ಮೇಲೂ, “ಎಲ್ಲಾ ಚೆನ್ನಾಗಿದೆ, ಆದರೆ ಪುಸ್ತಕದಲ್ಲಿದ್ದದ್ದು ಅಲ್ಲಿಲ್ಲ ಕಣೇ” ಎನ್ನುತ್ತಿದ್ದರು. ಏನಿಲ್ಲ ಎಂದು ಕೇಳಿದರೆ ಬೆರಳಿಟ್ಟು ತೋರಿಸಲು ಬರುತ್ತಿರಲಿಲ್ಲ. ಬರೆದವರಿಗೂ ಹೀಗಾಗುವುದುಂಟು. 1972ರಲ್ಲಿ ‘ನಾಗರಹಾವು’ ಊರೂರಲ್ಲಿ ನೂರು ದಿನದ ಮಾತಾಗಿದ್ದಾಗ, ಮೂಲ ಕಾದಂಬರಿಗಳನ್ನು ಬರೆದ ತ.ರಾ.ಸು. ಅವರು ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ನೊಂದುಕೊಂಡರೆಂಬುದು ಎಲ್ಲರೂ ಬಲ್ಲ ಸಂಗತಿ. ಜನಕ್ಕೆ ಮೆಚ್ಚುಗೆಯಾದ ಚಿತ್ರದ ಬಗ್ಗೆಯೇ ಹೀಗಾದರೆ, ಜನಕ್ಕೂ ಹಿಡಿಸದೆ ಓದುಗರಿಗೂ ಒಗ್ಗದೆ ಹೋದ ಚಿತ್ರದ ಗತಿಯೇನು?

ಅಂಥ ಒಂದು ಚಿತ್ರದ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ. ಅದು ನಮ್ಮ ಭಾಷೆಯದಲ್ಲ. ಕೆನಡಾ ದೇಶದ ಲೇಖಕಿ ಮಾರ್ಗರೆಟ್ ಅಟ್‌ವುಡ್ 1985ರಲ್ಲಿ ಪ್ರಕಟಿಸಿದ ‘ದಿ ಹ್ಯಾಂಡ್‌ಮೇಯ್ಡ್ಸ್ ಟೇಲ್’ ಕಾದಂಬರಿ, ಮತ್ತು 1990ರಲ್ಲಿ ಬಂದ ಅದರ ಸಿನಿಮಾ. ಹೆಸರನ್ನು ಕನ್ನಡಕ್ಕೆ ತಿರುಗಿಸಿದರೆ ‘ತೊತ್ತಿನ ಕಥೆ’ ಎನ್ನಬೇಕು. ಬರಬಾರದ ಕಾಲವೊಂದು ಬಂದುಬಿಟ್ಟರೆ ಹೇಗಿರುತ್ತದೆ ಎಂದು ಊಹಿಸಿ ಬರೆಯುವ ಇಂಥ ಕಾದಂಬರಿಗಳಿಗೆ ಇಂಗ್ಲಿಷಿನವರು ಡಿಸ್ಟೋಪಿಯಾ ಎನ್ನುತ್ತಾರೆ. ರಾಮರಾಜ್ಯದ ತಿರುಗುಮುರುಗು ಎಂದಿಟ್ಟುಕೊಳ್ಳಿ.

ಕಥೆ ಹೀಗಿದೆ. ಅಮೆರಿಕದಲ್ಲಿ ಧರ್ಮದ ಹೆಸರು ಹೇಳುವ ಒಂದು ಗುಂಪು ಸರ್ಕಾರವನ್ನು ಉರುಳಿಸಿ ಗಿಲಿಯಡ್ ಎಂಬ ರಾಜ್ಯ ಕಟ್ಟಿದೆ. ವಿಷಗಾಳಿ, ರೋಗರುಜಿನಗಳಿಂದಾಗಿ ಹೆರುವ ಶಕ್ತಿಯುಳ್ಳವರೇ ಕಡಿಮೆ. ಒಂದು ಬೆಳಗ್ಗೆ ಹೆಂಗಸರೆಲ್ಲರ ಬ್ಯಾಂಕ್ ಲೆಕ್ಕ ಸ್ತಬ್ಧವಾಗುತ್ತದೆ, ಅದೇ ದಿನ ಕೆಲಸವೂ ಹೋಗುತ್ತದೆ. ಆಮೇಲೆ ಅವರನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತಾರೆ. ದೊಡ್ಡವರ ಹೆಂಡಿರಿಗೆ ನೀಲಿ, ಅಡಿಗೆ ಕಸಮುಸುರೆಯವರಿಗೆ ಹಸಿರು, ಹೆರಬಲ್ಲವರಿಗೆ ಕಾಲಿನ ತನಕ ಮುಚ್ಚುವ ಕೆಂಪು ನಿಲುವಂಗಿ ಮತ್ತು ಅತ್ತಿತ್ತ ನೋಡದಂತೆ ತಡೆಯುವ ಬಿಳಿ ಟೋಪಿ. ಈ ಕೆಂಪಿನವರು ಮಕ್ಕಳಿಲ್ಲದ ಅಧಿಕಾರಿಗಳ ಮನೆಯಲ್ಲಿದ್ದು, ಹೆಂಡತಿಯ ಸಮ್ಮುಖದಲ್ಲೇ ಗಂಡನಿಗೆ ಒಪ್ಪಿಸಿಕೊಂಡು, ಮಗು ಹೆತ್ತು ಕೊಟ್ಟು, ಮುಂದಿನ ಮನೆಗೆ ಹೋಗಬೇಕು. ಬೈಬಲ್ಲಿನಲ್ಲಿ ರಾಹೇಲಳು ತನ್ನ ದಾಸಿ ಬಿಲ್ಹಾಳನ್ನು ಯಾಕೋಬನಿಗೆ ಕೊಟ್ಟಳಲ್ಲ, ಅದೇ ಇವರಿಗೆ ಆಧಾರ. ಇವರಿಗೆಲ್ಲ ಪಾಠ ಹೇಳಿ, ದನಕ್ಕೆ ಕೊಡುವ ವಿದ್ಯುತ್ ಕೋಲಿನಿಂದ ತಿದ್ದುವವರೂ ಹೆಂಗಸರೇ. ಅವರ ಹೆಸರು ಆಂಟಿಯರು!

ಇದು ಎಲ್ಲೋ ಇರುವ ಊರಿನ ಕಥೆ ಎಂದು ನನಗೆ ಒಂದು ಪುಟದಲ್ಲೂ ಅನ್ನಿಸಲಿಲ್ಲ. ಮಹಾಭಾರತ ಕೇಳಿ ಬೆಳೆದವರಿಗೆ ಹಾಗೆ ಅನ್ನಿಸಲು ಸಾಧ್ಯವೂ ಇಲ್ಲ. ವಂಶ ಉಳಿಯಬೇಕೆಂದು ಅಂಬಿಕೆ, ಅಂಬಾಲಿಕೆಯರನ್ನು ವ್ಯಾಸರ ಬಳಿ ಕಳಿಸಿದರು. ಎರಡನೆಯ ಸಲ ಹೋಗಲು ಹೆದರಿದ ಅಂಬಿಕೆ ತನ್ನ ದಾಸಿಯನ್ನು ಸಿಂಗರಿಸಿ ಕಳಿಸಿದಳು. ಆ ದಾಸಿಯ ಹೊಟ್ಟೆಯಲ್ಲಿ ವಿದುರ ಹುಟ್ಟಿದ. ವಿದುರನ ನೀತಿ ನಮಗೆ ಗೊತ್ತು, ಅವನ ತಾಯಿಯ ಹೆಸರೇನು? ದಾಸಿ, ಅಷ್ಟೆ. ಮಾನವ ಚರಿತ್ರೆಯಲ್ಲಿ ಎಲ್ಲೂ ನಡೆಯದ ಒಂದನ್ನೂ ಈ ಕಾದಂಬರಿಯಲ್ಲಿ ಸೇರಿಸಿಲ್ಲ ಎಂದು ಅಟ್‌ವುಡ್ ಹಲವು ಸಲ ಹೇಳಿದ್ದಾರೆ. ನಮ್ಮ ಕಡೆಯಿಂದಲೂ ಸಾಕ್ಷಿ ಬೇಕಿದ್ದರೆ ಕೊಡಬಹುದು.

ಕಾದಂಬರಿಯ ನಾಯಕಿಗೆ ಹೆಸರಿಲ್ಲ. ಒಡೆಯನ ಹೆಸರು ಫ್ರೆಡ್, ಆದ್ದರಿಂದ ಇವಳು ಆಫ್‌ಫ್ರೆಡ್, ಎಂದರೆ ಫ್ರೆಡ್ಡನವಳು. ಇನ್ನೊಂದು ಮನೆಗೆ ಹೋದರೆ ಆ ಮನೆಯವನ ಹೆಸರು. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದದ್ದು. ಅಲ್ಲಿ ಹುಟ್ಟಿದ ರೇಸಿನ ಕುದುರೆಗಳ ತಾಯಿ ಯಾರು, ತಂದೆ ಯಾರು ಎಂದು ದಾಖಲೆ ಇಡುತ್ತಿದ್ದರು. ಹೆಣ್ಣು ಕುದುರೆಯ ಬೆಲೆಯನ್ನು ಅದು ಹಾಕಿದ ಮರಿಗಳಿಂದ ಕಟ್ಟುವ ವ್ಯವಹಾರ ಅದು. ಆದರೂ ಅಂಥ ಕುದುರೆಗೆ ತನ್ನದೇ ಒಂದು ಹೆಸರಿರುತ್ತದೆ. ಗಿಲಿಯಡ್ಡಿನ ಹೆಂಗಸಿಗೆ ಅಷ್ಟೂ ಇಲ್ಲ. ನಮ್ಮ ದೇಶದ ಮೊದಲ ಮಹಾಚುನಾವಣೆ 1951–52ರಲ್ಲಿ ನಡೆದಾಗ ಸುಮಾರು 28 ಲಕ್ಷ ಹೆಂಗಸರನ್ನು ಮತದಾರರ ಪಟ್ಟಿಯಿಂದ ತೆಗೆಯಬೇಕಾಯಿತು. ಹೆಚ್ಚಿನವರು ಉತ್ತರದ ಪ್ರಾಂತಗಳವರು. ಕಾರಣ, ಅವರು ಪರಗಂಡಸಿಗೆ ಹೆಸರು ಹೇಳಲು ಒಪ್ಪದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದೇ ಬರೆಸಿದ್ದರು. ಆಫ್‌ಫ್ರೆಡ್ ಎಂಬ ಹೆಸರು ನಮಗೆ ವಿಚಿತ್ರವಾಗಿ ಕೇಳಿಸಬಾರದು.

ಇಷ್ಟೆಲ್ಲ ಕಸಿದುಕೊಂಡ ಮೇಲೂ ಅವಳ ಹತ್ತಿರ ಉಳಿದದ್ದು ಒಂದೇ: ಒಳಗಿನ ಮಾತು. ಕಾದಂಬರಿಯ ಜೀವವೆಲ್ಲ ಅಲ್ಲಿದೆ. ಅವಳು ತನ್ನ ಕೋಣೆಯ ಗೋಡೆ, ಕಿಟಕಿ, ನೆಲವನ್ನು ಅಳೆಯುತ್ತಾಳೆ. ಊಟದ ಬೆಣ್ಣೆಯಲ್ಲಿ ಒಂದು ಚೂರು ಬಚ್ಚಿಟ್ಟು ಮುಖಕ್ಕೆ, ಕೈಗೆ ಹಚ್ಚಿಕೊಳ್ಳುತ್ತಾಳೆ, ಯಾರೂ ನೋಡದ ಮುಖವನ್ನು ಒಣಗಲು ಬಿಡಬಾರದೆಂದು. ಒಂದು ಶಬ್ದದ ನಾಲ್ಕು ಅರ್ಥಗಳನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಾಳೆ. ಓದು ನಿಷಿದ್ಧವಾದವಳಿಗೆ ಶಬ್ದವೇ ಹಬ್ಬದೂಟ. ಕೆಲಸ ಹೋದ ದಿನ ಗಂಡ ಲ್ಯೂಕ್ ಅವಳನ್ನು ಸಮಾಧಾನ ಮಾಡುತ್ತಾನೆ, ನಾನಿದ್ದೇನಲ್ಲ ಎನ್ನುವ ಧಾಟಿಯಲ್ಲಿ. ಅವನು ಒಳ್ಳೆಯವನೇ. ಆದರೆ ಅವನಿಗೆ ಒಳಗೊಳಗೇ ಬೇಸರವಾಗಿಲ್ಲವೇನೋ ಎಂಬ ಅನುಮಾನ ಅವಳಿಗೆ ಮುಳ್ಳಿನಂತೆ ಚುಚ್ಚುತ್ತದೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂದು ತಿಳಿದಾಗ ಸಾಸಿವೆ ಡಬ್ಬಿ, ಅಕ್ಕಿ ಡಬ್ಬಿಗಳಿಂದ ಹೆಂಗಸರು ತಮ್ಮ ಗುಟ್ಟಿನ ಗಂಟನ್ನು ತೆಗೆದು ಗಂಡಂದಿರ ಕೈಗೆ ಕೊಡಬೇಕಾಯಿತು. ಬದಲಿ ನೋಟು ಬಂತು, ನಿಜ. ಗಿಲಿಯಡ್ಡಿಗೂ ಅದಕ್ಕೂ ಹೋಲಿಕೆಯಿಲ್ಲ. ಆದರೂ ಗಂಡಂದಿರು ನಕ್ಕ ಆ ಸಣ್ಣ ನಗು ನೆನಪಿದ್ದವರಿಗೆ ಕಾದಂಬರಿಯ ಈ ಪುಟ ಬೇರೆ ಟಿಪ್ಪಣಿಯಿಲ್ಲದೆ ತಿಳಿಯುತ್ತದೆ.

ಇನ್ನು ಸಿನಿಮಾ. ನಿರ್ದೇಶಕರು ಜರ್ಮನಿಯ ಫೋಲ್ಕರ್ ಶ್ಲೋಂಡಾರ್ಫ್, ಚಿತ್ರಕಥೆಗೆ ಹೆಸರಿರುವುದು ಮುಂದೆ 2005ರಲ್ಲಿ ನೊಬೆಲ್ ಪಡೆದ ನಾಟಕಕಾರ ಹೆರಾಲ್ಡ್ ಪಿಂಟರ್ ಅವರದು. ನತಾಶಾ ರಿಚರ್ಡ್‌ಸನ್ ನಾಯಕಿ, ರಾಬರ್ಟ್ ಡುವಾಲ್ ಕಮಾಂಡರ್, ಫೇ ಡನವೇ ಅವನ ಹೆಂಡತಿ ಸೆರೀನಾ ಜಾಯ್. ಹೆಸರುಗಳನ್ನು ನೋಡಿದರೆ ಮದುವೆಯೂಟದ ಎಲೆಯಂತಿದೆ. ಅಟ್‌ವುಡ್ ಈ ಕಾದಂಬರಿಯನ್ನು 1984ರಲ್ಲಿ ಬರೆಯಲು ಕೂತದ್ದು ಗೋಡೆ ಇನ್ನೂ ನಿಂತಿದ್ದ ಪಶ್ಚಿಮ ಬರ್ಲಿನ್ನಿನಲ್ಲಿ. ಚಿತ್ರ ಮೊದಲು ತೆರೆ ಕಂಡದ್ದು ಗೋಡೆ ಬಿದ್ದ ಕೆಲವೇ ತಿಂಗಳಿಗೆ, 1990ರ ಬರ್ಲಿನ್ ಚಿತ್ರೋತ್ಸವದಲ್ಲಿ. ಇದಕ್ಕಿಂತ ಒಳ್ಳೆಯ ಮುಹೂರ್ತ ಯಾರಿಗೆ ಸಿಗುತ್ತದೆ? ಆದರೆ ಮೊದಲು ನಿರ್ದೇಶಿಸಬೇಕಿದ್ದವರು ಬಿಟ್ಟುಹೋಗಿದ್ದರು, ಪಿಂಟರ್ ಕೂಡ ನಡುವೆ ಬೇಸತ್ತು ಕೈಬಿಟ್ಟರು, ಬರೆದದ್ದರ ಮೇಲೆ ಬೇರೆಯವರ ಕೈ ಬಿತ್ತು. ಅಡಿಗೆಯವರು ಹೆಚ್ಚಾದರೆ ಸಾರಿಗೆ ಉಪ್ಪು ಎರಡು ಸಲ ಬೀಳುತ್ತದೆ ಅಥವಾ ಬೀಳುವುದೇ ಇಲ್ಲ.

ಚಿತ್ರದಲ್ಲಿ ಒಳ್ಳೆಯದೇನೂ ಇಲ್ಲವೆಂದರೆ ಅನ್ಯಾಯವಾಗುತ್ತದೆ. ಕೆಂಪು, ನೀಲಿ ಬಣ್ಣಗಳ ಸಾಲು ಕಣ್ಣಿಗೆ ಕಟ್ಟುತ್ತದೆ. ಫೇ ಡನವೇ ಅವರ ಸೆರೀನಾ ಕ್ರೂರಿಯೂ ಹೌದು, ಪಾಪದವಳೂ ಹೌದು. ತಾನೇ ಹಾಡಿ ಹೊಗಳಿದ ವ್ಯವಸ್ಥೆಯಲ್ಲಿ ತಾನೇ ಮೂಲೆಗೆ ಬಿದ್ದವಳ ಸಂಕಟ ಅವರ ಮುಖದಲ್ಲಿದೆ. ನನ್ನ ತಕರಾರು ಮೂರು.

ಮೊದಲನೆಯದು, ಚಿತ್ರ ಅವಳ ಒಳಮಾತನ್ನು ತೆಗೆದುಬಿಟ್ಟಿದೆ. ಕಾದಂಬರಿಯಲ್ಲಿ ಮುನ್ನೂರು ಪುಟ ನಮ್ಮೊಡನೆ ಪಿಸುಗುಟ್ಟಿದವಳು ತೆರೆಯ ಮೇಲೆ ಮೂಕಿಯಾಗಿ, ಚೆಂದದ ಮುಖ ಹೊತ್ತು ಕೋಣೆಯಿಂದ ಕೋಣೆಗೆ ನಡೆಯುತ್ತಾಳೆ. ಹಿಮದಲ್ಲಿ ಕೈತಪ್ಪಿದ ಮಗಳ ನೋಟ ಆಗಾಗ ಬರುವುದನ್ನು ಬಿಟ್ಟರೆ ಹಿಂದಿನ ಬದುಕಿನ ಕಡೆಗೆ ಚಿತ್ರ ತಿರುಗಿ ನೋಡುವುದು ಬಲು ಕಡಿಮೆ. ಏನನ್ನು ಕಳೆದುಕೊಂಡಳು ಎಂಬುದೇ ತಿಳಿಯದಿದ್ದರೆ ಈಗಿನ ಸ್ಥಿತಿಯ ಭಾರ ನೋಡುವವರಿಗೆ ಹೇಗೆ ತಟ್ಟಬೇಕು? ಅವಳಿಗೆ ಏನಾಗುತ್ತದೆ ಎಂಬುದನ್ನು ನೋಡುತ್ತೇವೆ. ಅವಳು ಏನು ಅಂದುಕೊಂಡಳು ಎಂಬುದು ಗಿಲಿಯಡ್ಡಿನವರಿಗೆ ಬೇಕಿರಲಿಲ್ಲ, ಚಿತ್ರಕ್ಕೂ ಬೇಕಾದಂತೆ ಕಾಣಲಿಲ್ಲ.

ಎರಡನೆಯದು ಹೆಸರು. ಚಿತ್ರದಲ್ಲಿ ಅವಳಿಗೆ ಕೇಟ್ ಎಂದು ಹೆಸರಿಟ್ಟಿದ್ದಾರೆ. ನೋಡುವವರಿಗೆ ಅನುಕೂಲವಾಗಲಿ ಎಂದಿರಬೇಕು. ಕಾದಂಬರಿಯಲ್ಲಿ ಅವಳ ನಿಜವಾದ ಹೆಸರು ಅವಳು ಮಣ್ಣಿನಲ್ಲಿ ಹೂತಿಟ್ಟ ನಿಧಿ. ಎಂದಾದರೊಂದು ದಿನ ಅಗೆದು ತೆಗೆಯುವ ಆಸೆಯಿಂದ ಬದುಕುತ್ತಾಳೆ, ನಮಗೂ ಹೇಳುವುದಿಲ್ಲ. ಹೇಳದೆ ಇರುವುದರಲ್ಲೇ ಅವಳ ಮಾನವಿದೆ. ಸುಲಭವಾಗಿ ಸಿಕ್ಕ ಹೆಸರು ಆ ಕೊರತೆಯನ್ನು ತುಂಬಿ, ಕೊರತೆಯ ನೋವನ್ನೂ ಅಳಿಸಿಬಿಟ್ಟಿತು.

ಈ ಮಾತು ನನಗೆ ಯಾಕೆ ಇಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಹೇಳಬೇಕು. ಗುಬ್ಬಿಯ ನಮ್ಮ ಹಿರಿಯರ ಮನೆಯಲ್ಲಿ ನನ್ನ ಮುತ್ತಜ್ಜಿ ಒಬ್ಬರಿದ್ದರು. ಬೋಳು ತಲೆ, ತಲೆಯ ಮೇಲೆ ಸೆರಗು, ರವಿಕೆಯಿಲ್ಲದೆ ಉಟ್ಟ ಕೆಂಪು ಸೀರೆ, ಒಪ್ಪೊತ್ತಿನ ಊಟ. ಹಿಂದಿನ ಹಜಾರದ ಕಂಬಕ್ಕೆ ಒರಗಿ ಹೂಬತ್ತಿ ಹೊಸೆಯುವುದು ಅವರ ಕೆಲಸ. ಮದುವೆ ಮುಂಜಿಯಲ್ಲಿ ಎದುರಿಗೆ ಬರುವಂತಿರಲಿಲ್ಲ. ಊರ ಹೆಸರನ್ನೇ ನಾಡಿಗೆಲ್ಲ ಹಬ್ಬಿಸಿದ ಗುಬ್ಬಿ ಕಂಪನಿಯ ಒಂದು ನಾಟಕವನ್ನೂ ಅವರು ನೋಡಿದವರಲ್ಲ. ಆದರೂ ‘ಸದಾರಮೆ’ಯ ಹಾಡುಗಳೆಲ್ಲ ಬಾಯಿಗೆ ಬರುತ್ತಿದ್ದವಂತೆ, ನೋಡಿ ಬಂದ ಮಕ್ಕಳು ಹಾಡಿದ್ದನ್ನು ಕೇಳಿ ಕಲಿತದ್ದು. ಬತ್ತಿ ಹೊಸೆಯುತ್ತ ತೊಡೆಯ ಮೇಲೆ ತಾಳ ಹಾಕಿಕೊಂಡು ಗುನುಗುತ್ತಿದ್ದರು, ಯಾರಾದರೂ ಬಂದರೆ ನಿಲ್ಲಿಸುತ್ತಿದ್ದರು ಎಂದು ನನ್ನಮ್ಮ ಹೇಳುತ್ತಿದ್ದರು. ಅವರ ಹೆಸರೇನು ಎಂದು ನಾನು ದೊಡ್ಡವಳಾದ ಮೇಲೆ ಮನೆಯಲ್ಲಿ ಎಲ್ಲರನ್ನೂ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಮಡಿಯಜ್ಜಿ ಎಂದರು. ಅಟ್‌ವುಡ್ ಅವರ ಕೆಂಪು ನಿಲುವಂಗಿಯ ವರ್ಣನೆ ಓದಿದಾಗ ನನಗೆ ಕಂಡದ್ದು ಆ ಕಂಬ, ಆ ಕೆಂಪು ಸೀರೆ. ಒಬ್ಬಳನ್ನು ಹೆರಲಿಕ್ಕೆಂದು ಕೆಂಪಿನಲ್ಲಿ ಸುತ್ತಿದರು, ಇನ್ನೊಬ್ಬಳನ್ನು ಹೆರಬಾರದೆಂದು ಕೆಂಪಿನಲ್ಲಿ ಸುತ್ತಿದರು. ಎರಡೂ ಕಡೆ ಮೈ ಅವಳದು, ಲೆಕ್ಕ ಬೇರೆಯವರದು.

ಮೂರನೆಯ ತಕರಾರು ಕೊನೆಯದು, ಎಲ್ಲಕ್ಕಿಂತ ದೊಡ್ಡದು. ಕಾದಂಬರಿಯ ಕೊನೆಗೆ ಕಪ್ಪು ವ್ಯಾನು ಬರುತ್ತದೆ. ಅದು ಬಿಡುಗಡೆಗೋ ಕೊಲೆಗೋ ತಿಳಿಯದೆ ಅವಳು ಹತ್ತುತ್ತಾಳೆ. ಆಮೇಲೆ ಒಂದು ಅನುಬಂಧವಿದೆ. 2195ನೆಯ ಇಸವಿಯಲ್ಲಿ ವಿದ್ವಾಂಸರ ಒಂದು ಸಮ್ಮೇಳನ. ನಾವು ಇಷ್ಟು ಹೊತ್ತು ಓದಿದ್ದು ಕ್ಯಾಸೆಟ್ಟುಗಳಲ್ಲಿ ಸಿಕ್ಕ ಹೆಂಗಸಿನ ದನಿ ಎಂದು ಅಲ್ಲಿ ಗೊತ್ತಾಗುತ್ತದೆ. ಮೇಲೆ ಹಾಡಿನ ಚೀಟಿ, ಮೊದಲಲ್ಲಿ ಒಂದೆರಡು ಹಾಡು, ಒಳಗೆ ಒಂದು ಜೀವದ ಕಥೆ. ಭಾವಗೀತೆಯ ಕ್ಯಾಸೆಟ್ಟುಗಳನ್ನು ಸೀರೆಯ ಮಡಿಕೆಯಲ್ಲಿಟ್ಟು ಕಾಪಾಡಿಕೊಂಡಿದ್ದ ನಮ್ಮ ವಯಸ್ಸಿನವರಿಗೆ ಇದನ್ನು ಓದುವಾಗ ಮೈ ಜುಮ್ಮೆನ್ನದೆ ಇರದು. ಸಮ್ಮೇಳನದ ಪ್ರೊಫೆಸರು ಅವಳ ಬಗ್ಗೆ ತಮಾಷೆ ಮಾಡುತ್ತಾರೆ, ಸಭಿಕರು ನಗುತ್ತಾರೆ. ಅವಳ ಒಡೆಯ ಯಾರಿರಬಹುದು ಎಂಬುದರಲ್ಲಿ ಅವರಿಗೆ ಹೆಚ್ಚು ಕುತೂಹಲ. ಇನ್ನೂರು ವರ್ಷದ ಮೇಲೂ ಅವಳು ಫ್ರೆಡ್ಡನವಳೇ!

ಸಿನಿಮಾ ಇದನ್ನೆಲ್ಲ ಕತ್ತರಿಸಿ ಅವಳ ಕೈಗೆ ಚಾಕು ಕೊಟ್ಟಿದೆ. ಅವಳು ಕಮಾಂಡರನನ್ನು ಇರಿದು ಕೊಲ್ಲುತ್ತಾಳೆ, ನಿಕ್ ಎಂಬ ಪ್ರಿಯಕರ ಕಾಪಾಡುತ್ತಾನೆ, ಕೊನೆಯಲ್ಲಿ ಬಸುರಿಯಾಗಿ ಬೆಟ್ಟದ ಮೇಲೊಂದು ಗಾಡಿಮನೆಯಲ್ಲಿ ಅವನ ದಾರಿ ಕಾಯುತ್ತಾಳೆ. ನೋಡುವವರಿಗೆ ಆ ಕ್ಷಣಕ್ಕೆ ಸಮಾಧಾನವಾಗುತ್ತದೆ, ಸತ್ತ ಪೀಡೆ ಎಂದು. ಮನೆಗೆ ಬಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಗಿಲಿಯಡ್ಡಿನ ದುಷ್ಟತನ ಒಬ್ಬ ಕಮಾಂಡರನ ಮೈಯಲ್ಲಿರಲಿಲ್ಲ. ಅದು ಬ್ಯಾಂಕಿನ ಯಂತ್ರದಲ್ಲಿತ್ತು, ಆಂಟಿಯರ ಪಾಠದಲ್ಲಿತ್ತು, ಸುಮ್ಮನಿದ್ದ ನೆರೆಮನೆಯವರಲ್ಲಿತ್ತು. ಅವನನ್ನು ಕೊಂದರೆ ನಾಳೆ ಆ ಕುರ್ಚಿಗೆ ಇನ್ನೊಬ್ಬ ಬರುತ್ತಾನೆ. ಕಾದಂಬರಿ ಕಷ್ಟಪಟ್ಟು ತಿಳಿಸಿದ್ದ ಈ ಸತ್ಯವನ್ನು ಚಿತ್ರ ಐದು ನಿಮಿಷದಲ್ಲಿ ಮರೆಸುತ್ತದೆ. ಜೊತೆಗೆ, ಪ್ರೀತಿಸುವ ಗಂಡಸು, ಹೊಟ್ಟೆಯಲ್ಲಿ ಕೂಸು ಇವೇ ಹೆಣ್ಣಿನ ಬಿಡುಗಡೆ ಎಂದು ಹೇಳಿ ಗಿಲಿಯಡ್ಡಿನ ಮಾತನ್ನೇ ಬೇರೆ ರಾಗದಲ್ಲಿ ಹಾಡುತ್ತದೆ.

“ಸಿನಿಮಾಕ್ಕೆ ಅದರದೇ ವ್ಯಾಕರಣವಿದೆ, ಒಳಮಾತನ್ನು ಕ್ಯಾಮರಾ ಹಿಡಿಯಲಾರದು” ಎಂದು ಬಲ್ಲವರು ಹೇಳಬಹುದು. ಆ ಮಾತಿಗೆ ಉತ್ತರ ನಮ್ಮ ಕನ್ನಡದಲ್ಲೇ ಇದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂತು. ನಲವತ್ತು ದಾಟಿದ ಮೇಲೆ, 1963ರಲ್ಲಿ ‘ತುಂಗಭದ್ರಾ’ದ ಮೂಲಕ ಕಾದಂಬರಿಗಾರ್ತಿಯಾದ ಇಂದಿರಾ, ತಮ್ಮ ತಾಯಿ ಕೇಳಿ ತಿಳಿದಿದ್ದ ಒಬ್ಬ ಹಿರಿಯ ಬಂಧುವಿನ ಬದುಕನ್ನು ಬರೆದರು. ಬಾಲ್ಯದಲ್ಲೇ ಮದುವೆ, ಹಾವು ಕಚ್ಚಿ ತೀರಿಕೊಂಡ ಗಂಡ, ಮೈ ನೆರೆದಾಗ ಕೇಶಮುಂಡನ, ಆಮೇಲೆ ನೂರು ವರ್ಷದ ಕೆಂಪು ಸೀರೆ. ಫಣಿಯಮ್ಮ ಹುಟ್ಟಿದ್ದು 1840, ತೀರಿಕೊಂಡದ್ದು 1952. ಹೆಸರು ಹೇಳದ ಲಕ್ಷಾಂತರ ಹೆಂಗಸರು ಮತದಾರರ ಪಟ್ಟಿಯಿಂದ ಬಿಟ್ಟುಹೋದ ಆ ಚುನಾವಣೆ ಮುಗಿದ ವರ್ಷವೇ ಅದು.

ಇದನ್ನು ಪ್ರೇಮಾ ಕಾರಂತರು ಸಿನಿಮಾ ಮಾಡಿದರು. 1983ರಲ್ಲಿ ಬಂದ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ದೊರಕಿತು. ಸಂಗೀತ ಅವರ ಪತಿ ಬಿ.ವಿ. ಕಾರಂತರದು. ಮನೆ ಬಿಟ್ಟ ಹುಡುಗನಾಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು, ವೀರಣ್ಣನವರ ನೆರವಿನಿಂದಲೇ ಕಾಶಿಯಲ್ಲಿ ಓದಿದವರು. ಕಾದಂಬರಿಯಲ್ಲಿದ್ದ ಎಷ್ಟೋ ಹರಟೆ, ಎಷ್ಟೋ ನೆಂಟರು ಚಿತ್ರದಲ್ಲಿ ಇಲ್ಲ. ಕೊರತೆ ಎನ್ನುವವರು ಎನ್ನಬಹುದು. ಆದರೆ ಫಣಿಯಮ್ಮನ ಮೌನ ಅಲ್ಲಿ ಖಾಲಿಯಾಗಿಲ್ಲ. ಎಲ್.ವಿ. ಶಾರದಾ ಅವರು ಸುಮ್ಮನೆ ಕೂತು ನೋಡುತ್ತಾರೆ. ನೋಡುತ್ತಿರುವವಳು ಎಲ್ಲವನ್ನೂ ಅಳೆದು ತೂಗುತ್ತಿದ್ದಾಳೆ ಎಂದು ನಮಗೆ ಗೊತ್ತಾಗುತ್ತದೆ. ಮಡಿಯಲ್ಲೇ ಬದುಕಿದ ಆ ಜೀವ ಹೆರಿಗೆ ಕಷ್ಟವಾದ ದಲಿತ ಹೆಂಗಸಿನ ಗುಡಿಸಲಿಗೆ ಹೋಗಿ ಮಗುವನ್ನು ಹೊರತೆಗೆಯುತ್ತದೆ. ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲಾರೆ ಎಂದು ಹಟ ಹಿಡಿದಾಗ ಅವಳ ಪರ ನಿಲ್ಲುವವರು ಅದೇ ಶಿಕ್ಷೆಯನ್ನು ಉಂಡ ಫಣಿಯಮ್ಮ. ನನಗಾದದ್ದು ಅವಳಿಗೂ ಆಗಲಿ ಎನ್ನುವವಳು ಗಿಲಿಯಡ್ಡಿನ ಆಂಟಿ. ನನಗಾದದ್ದು ನನ್ನೊಂದಿಗೆ ಮುಗಿಯಲಿ ಎನ್ನುವವಳು ಫಣಿಯಮ್ಮ. ಇಲ್ಲಿ ಚಾಕುವಿಲ್ಲ, ರಕ್ತವಿಲ್ಲ. ಒಂದು ಕಟ್ಟಳೆಯ ಬುಡ ಮಾತ್ರ ಅಲ್ಲಾಡಿತು. ತೆರೆಯ ಮೇಲೆ ಇದನ್ನು ತೋರಿಸಬಹುದೆಂದು ನಮ್ಮ ಕನ್ನಡದ ಹೆಂಗಸೊಬ್ಬರು, ಅಮೆರಿಕದವರಿಗಿಂತ ಏಳು ವರ್ಷ ಮೊದಲು, ಅವರ ಖರ್ಚಿನ ಮುಂದೆ ಏನೂ ಅಲ್ಲದ ಖರ್ಚಿನಲ್ಲಿ ಮಾಡಿ ತೋರಿಸಿದ್ದರು.

2017ರಲ್ಲಿ ಅಟ್‌ವುಡ್ ಅವರ ಕಾದಂಬರಿ ಟಿ.ವಿ. ಧಾರಾವಾಹಿಯಾಗಿಯೂ ಬಂತು. ಅದರಲ್ಲಿ ನಾಯಕಿಯ ಒಳಮಾತು ವಾಪಸು ಬಂದಿದೆ, ಆ ಮಟ್ಟಿಗೆ ಸಂತೋಷ. ಆದರೆ ಮೊದಲ ಕಂತಿನಲ್ಲೇ ಪುಸ್ತಕದ ಕಥೆಯೆಲ್ಲ ಮುಗಿದು, ಮುಂದೆ 2025ರ ತನಕ ಒಟ್ಟು ಆರು ಕಂತಿಗೆ ಎಳೆದರು. ನಮ್ಮ ಸಂಜೆಯ ಧಾರಾವಾಹಿಗಳ ಕಷ್ಟ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ಒಂದು ಸಂಗತಿ ಮಾತ್ರ ನನ್ನ ಅನಿಸಿಕೆಗೆ ಬಲ ಕೊಟ್ಟಿತು. 2017ರಿಂದೀಚೆಗೆ ಅಮೆರಿಕ, ಅರ್ಜೆಂಟೀನಾ ಮುಂತಾದ ಕಡೆ ಹೆಂಗಸರು ತಮ್ಮ ಮೈಮೇಲೆ ಹೇರುವ ಕಾನೂನುಗಳ ವಿರುದ್ಧ ಕೆಂಪು ನಿಲುವಂಗಿ, ಬಿಳಿ ಟೋಪಿ ತೊಟ್ಟು ಶಾಸನಸಭೆಗಳ ಮುಂದೆ ಸಾಲಾಗಿ ನಿಂತರು. ಘೋಷಣೆಯಿಲ್ಲ, ತಲೆ ತಗ್ಗಿಸಿ ಸುಮ್ಮನೆ ನಿಂತದ್ದು. 1990ರ ಚಿತ್ರದ ಚಾಕು ಯಾರಿಗೂ ನೆನಪಾಗಲಿಲ್ಲ. ಜನ ಎತ್ತಿಕೊಂಡದ್ದು ಪುಸ್ತಕದ ಹೆಂಗಸನ್ನು: ಕಣ್ಣಿಗೆ ಪಟ್ಟಿ ಕಟ್ಟಿದರೂ ಎಲ್ಲವನ್ನೂ ನೆನಪಿಟ್ಟುಕೊಳ್ಳುವವಳನ್ನು.

ತುಮಕೂರಿನಂಥ ಊರುಗಳಲ್ಲಿ ಮನೆ, ಕಚೇರಿ, ಬಸ್ಸು, ಮಕ್ಕಳ ಪರೀಕ್ಷೆ ಎಂದು ಬದುಕುವ ನಮ್ಮಲ್ಲಿ ಯಾರೂ ಚಾಕು ಹಿಡಿಯುವವರಲ್ಲ. ನಮ್ಮ ಕೈಲಿರುವುದು ಮಾತು, ನೆನಪು, ಎದುರಿಗಿರುವ ದಾಕ್ಷಾಯಿಣಿಯ ಪರ ನಿಲ್ಲುವ ಒಂದು ಗಳಿಗೆಯ ಧೈರ್ಯ. ಕಾದಂಬರಿ ಅದನ್ನು ಕಡಿಮೆಯೆಂದು ಎಣಿಸಿರಲಿಲ್ಲ, ಸಿನಿಮಾ ಎಣಿಸಿತು. ನನ್ನ ನಿರಾಸೆಯ ಮೂಲ ಅದು. ನಿಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದ ಹೆಣ್ಣುಮಕ್ಕಳಿದ್ದರೆ ಪುಸ್ತಕವನ್ನು ಕೊಡಿ, ‘ಫಣಿಯಮ್ಮ’ವನ್ನೂ ಜೊತೆಗಿಡಿ. ಹಾಗೆಯೇ, ಮನೆಯ ಹಿರಿಯ ಹೆಂಗಸರ ಹೆಸರುಗಳನ್ನು, ಹೇಳುವವರು ಇರುವಾಗಲೇ, ಒಂದು ಪುಸ್ತಕದಲ್ಲಿ ಬರೆದಿಡಿ.